ಎಣ್ಣೆಯ ಖರ್ಚು

ನಮ್ಮ ಸಂಘದ ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದರೆ 'ಹಣತೆ', 'ಬೆಳಕು', 'ಅಂತರಂಗದ ಜ್ಯೋತಿ' ಪುಟಪುಟಕ್ಕೂ ಸಿಗುತ್ತವೆ. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪಕ್ಕೆ ನಷ್ಟವೇನಿಲ್ಲ ಅಂತ ನಾವೆಲ್ಲ ಒಮ್ಮೆಯಾದರೂ ಬರೆದಿದ್ದೇವೆ. ನಾನು ಕಾಮರ್ಸಿನವನು, ಲೆಕ್ಕ ಕೇಳುವುದು ಅಭ್ಯಾಸ. ಎಣ್ಣೆಯ ಖರ್ಚನ್ನು ಯಾವ ಖಾತೆಗೆ ಬರೆದಿರಿ ಮಾರಾಯ್ರೇ?

ಮುಂಬಯಿಗೆ ಕರುಣೆ ಇಲ್ಲ ಅನ್ನುವವರಿಗೆ 2005ರ ಜುಲೈ 26ನ್ನು ತೋರಿಸುವುದುಂಟು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಲೋಕಲ್ ರೈಲು ನಿಂತು, ನೀರಲ್ಲಿ ನಡೆದು ಬಂದವರಿಗೆ ಗುರುತು ಪರಿಚಯ ಇಲ್ಲದವರು ಬಾಗಿಲು ತೆರೆದರು, ಚಹಾ ಬಿಸ್ಕೀಟು ಕೊಟ್ಟರು. ದೊಡ್ಡ ಮಾತು, ಒಪ್ಪಿದೆ. ಆದರೆ ಪ್ರಳಯದ ದಿನ ಒಳ್ಳೆಯವರಾಗುವುದು ಸ್ವಲ್ಪ ಸುಲಭ. ಊರಿಗೆ ಊರೇ ಒದ್ದೆಯಾಗಿರುತ್ತದೆ. ಯಾವ ವಿಶೇಷವೂ ಇಲ್ಲದ ಒಂದು ಸೋಮವಾರ, ದುಡಿದು ದಣಿದ ಮೇಲೆ ಇನ್ನೊಬ್ಬರಿಗೆ ಒಂದು ಗಂಟೆ ಕೊಡೋದು ಬೇರೆಯೇ ಕೆಲಸ.

ಆ ಕೆಲಸ ಇಲ್ಲಿನ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ, ಟೇಬಲ್ ಒರೆಸುತ್ತಿದ್ದ ಹುಡುಗರಿಗಾಗಿ ಈ ಶಹರದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಘಗಳು ನಡೆಸಿದವು. ಹಗಲು ಕಚೇರಿಯಲ್ಲೋ ಬೇರೆ ಶಾಲೆಯಲ್ಲೋ ದುಡಿದ ಮೇಷ್ಟ್ರುಗಳು ರಾತ್ರಿ ಅಲ್ಲಿ ಸೀಮೆಸುಣ್ಣ ಹಿಡಿದರು. ಎದುರಿಗೆ ಕೂತವರಿಗೂ ತೂಕಡಿಕೆ, ಹೇಳಿಕೊಡುವವರಿಗೂ ತೂಕಡಿಕೆ. ಹಾಗೆ ಕಲಿತು ಬ್ಯಾಂಕು ಸೇರಿದವರಿದ್ದಾರೆ, ಸ್ವಂತ ಹೋಟೆಲು ಹಾಕಿದವರಿದ್ದಾರೆ, ಕಥೆ ಕವಿತೆ ಬರೆದವರೂ ಇದ್ದಾರೆ.

ಇದನ್ನು ತೀರಾ ಚಂದ ಮಾಡಿ ಹೇಳುವುದೂ ಬೇಡ. ಎಳೆಯ ಹುಡುಗ ಶಾಲೆಯ ಹೊತ್ತಿನಲ್ಲಿ ಲೋಟ ತೊಳೆಯುವುದೇ ತಪ್ಪು ಅನ್ನೋದಕ್ಕೆ ಕರುಣೆ ಸಾಲಲಿಲ್ಲ, ಕಾಯಿದೆಯೇ ಬೇಕಾಯ್ತು. ಹದಿನಾಲ್ಕು ತುಂಬದವರನ್ನು ಹೋಟೆಲಿಗೆ, ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ.

ಆ ಶಾಲೆಗಳಲ್ಲಿ ಹಲವು ಈಗ ಮುಚ್ಚಿವೆ. ಊರಿನಿಂದ ಹುಡುಗರು ಬರುವುದು ಕಡಿಮೆಯಾಯ್ತು. ಹಾಗಂತ ಕತ್ತಲು ಹೋಯಿತೇ? ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಹನ್ನೊಂದನೆಗೆ ಕಾಮರ್ಸು ಸೇರಿದವರನ್ನು ಕೇಳಿ ನೋಡಿ. ಜಮೆ-ಖರ್ಚು ಗೊತ್ತು, ಡೆಬಿಟ್-ಕ್ರೆಡಿಟ್ ಅಂದ ಕೂಡಲೇ ತಲೆ ಖಾಲಿ. ನಾನೂ ಹಾಗೇ ಕೂತವನು. ನಮ್ಮ ಚಾಳಿನ ಒಬ್ಬ ಅಣ್ಣ, ಬ್ಯಾಂಕಿನಲ್ಲಿ ಗುಮಾಸ್ತೆ, ನನ್ನ ಪುಸ್ತಕದ ಅಂಚಿನಲ್ಲಿ ಡಿಪ್ರಿಸಿಯೇಷನ್ ಎಂದರೆ ಸವಕಳಿ, ಡೆಟರ್ ಎಂದರೆ ಋಣಿ ಅಂತ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಮೂರು ವಾರ, ದಿನಾ ಅರ್ಧ ಗಂಟೆ. ಅವರಿಗೇನೂ ಕಡಿಮೆಯಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ನಿದ್ದೆ ಕಡಿಮೆಯಾಯ್ತು. ಬೆಳಿಗ್ಗೆ ಅವರಿಗೆ ಆರೂವರೆಯ ಲೋಕಲ್ ಹಿಡಿಯಬೇಕಿತ್ತು.

ಸಂಘದ ಕೋಣೆ ಗುರುವಾರ ಸಂಜೆ ನಾಲ್ಕರ ಮೇಲೆ ಖಾಲಿ ಬಿದ್ದಿರುತ್ತದೆ. ಕವಿಗೋಷ್ಠಿ ತಿಂಗಳಿಗೊಂದು ಸಾಕು ಎಂಬುದು ನನ್ನ ಅಭಿಪ್ರಾಯ, ಕವಿಮಿತ್ರರು ಬೈಯಲಿ. ಕನ್ನಡ ಮಾಧ್ಯಮದಿಂದ ಹನ್ನೊಂದನೆಗೆ ಬಂದವರನ್ನು ಅಲ್ಲಿ ಕೂರಿಸೋಣ. ಅಕೌಂಟ್ಸ್ ನಾನು ಹೇಳಿಕೊಡುತ್ತೇನೆ. ಇಂಗ್ಲಿಷಿಗೆ ಒಬ್ಬರು ಬೇಕು, ಐದೂವರೆಯ ಲೋಕಲ್ ತಪ್ಪಿದರೂ ಪರವಾಗಿಲ್ಲ ಅನ್ನುವವರು.