ಪರಿಚಯದ ಮೊದಲ ಮಾತು

ಇಂಗ್ಲಿಷ್ ಕಲಿಯತೊಡಗಿದ ನಮ್ಮ ಕಡೆಯ ಹುಡುಗ ಅಪರಿಚಿತರ ಮುಂದೆ ನಿಂತು ಮೊದಲು ಹೇಳುವುದು ತನ್ನ ಹೆಸರನ್ನಲ್ಲ. 'ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಕ್ಷಮಿಸಬೇಕು' ಎಂದು ತಗ್ಗಿದ ದನಿಯಲ್ಲಿ ಒಪ್ಪಿಸಿಕೊಂಡ ಮೇಲೆಯೇ ಅವನ ಬಾಯಿಂದ ಹೆಸರು ಹೊರಡುತ್ತದೆ. ಗಜೇಂದ್ರಗಡದ ವಿದ್ಯಾರ್ಥಿಗಳಲ್ಲಿ ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಈ ಪರಿಪಾಠ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಸರಕಾರಿ ಶಾಲೆಗಳಲ್ಲಿ ೨೦೦೭ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಆದುದರಿಂದ ಕಲಿಯಲು ಕಾಲ ಸಾಲದೆಂದು ದೂರುವಂತಿಲ್ಲ. ಹತ್ತು ವರ್ಷ ಕಲಿತವನೂ ತನ್ನ ಪರಿಚಯ ಹೇಳುವಾಗ ತಡವರಿಸುತ್ತಾನೆ. ಇದಕ್ಕೆ ಕಾರಣ ಕೆಲಮಟ್ಟಿಗೆ ಎರಡು ಭಾಷೆಗಳ ಒಳಗಟ್ಟಿನಲ್ಲಿಯೇ ಇದೆ. 'ನಾನು ವಿದ್ಯಾರ್ಥಿ' ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ಅಲ್ಲಿ ಕ್ರಿಯಾಪದದ ಹಂಗಿಲ್ಲ. ಇಂಗ್ಲಿಷಿಗೆ ನಡುವೆ ಒಂದು 'ಆಮ್' ಬೇಕೇ ಬೇಕು. ಅದನ್ನು ಬಿಟ್ಟ ಹುಡುಗ ದಡ್ಡನೇನೂ ಅಲ್ಲ, ತಾಯ್ನುಡಿಯ ವ್ಯಾಕರಣಕ್ಕೆ ನಡೆದುಕೊಂಡಿದ್ದಾನೆ. 'ಮೈಸೆಲ್ಫ್ ಬಸವರಾಜ' ಎಂಬುದನ್ನು ಕೇಳಿ ಪಟ್ಟಣಿಗರು ನಗುತ್ತಾರೆ. (ಹಾಗೆ ನಗುವವರಲ್ಲಿ ಎಷ್ಟು ಮಂದಿ ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆದಾರು ಎಂಬ ಪ್ರಶ್ನೆ ಇಲ್ಲಿ ಬೇಡ.) ಅದು ತಿದ್ದಬೇಕಾದ ತಪ್ಪು ನಿಜ, ತಿದ್ದುವುದಕ್ಕೆ ನಗೆಯ ಅವಶ್ಯಕತೆಯಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. 'ಯಾವೂರ್ರೀ ನಿಮ್ಮದು?' ಎಂದು ಕೇಳಿದರೆ 'ನಮ್ಮದು ಗಜೇಂದ್ರಗಡ ರೀ' ಎನ್ನುತ್ತೇವೆ. ಊರು ನಮ್ಮದೆನ್ನುವ ಈ ಮಾತಿನಲ್ಲಿ 'ನಾನು' ಎಲ್ಲಿಯೂ ಇಣುಕುವುದಿಲ್ಲ. ಇಂಗ್ಲಿಷಿನಲ್ಲಾದರೋ ವಾಕ್ಯದ ನಡುವೆ ಬಂದರೂ 'ಐ' ಎಂಬುದು ದೊಡ್ಡಕ್ಷರವೇ! ಹಿರಿಯರೆದುರು 'ನಾನು, ನಾನು' ಎನ್ನಬಾರದೆಂದು ಕಲಿತು ಬೆಳೆದ ಹುಡುಗನಿಗೆ ಸಂಕೋಚವಾಗುವುದು ಸಹಜ. ಆದರೆ ಊರನ್ನು ಬಿಟ್ಟುಕೊಟ್ಟೇ ಇಂಗ್ಲಿಷ್ ಆಡಬೇಕೆಂದೇನೂ ಇಲ್ಲ. ೧೯೬೪ರಿಂದ ೧೯೬೬ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪಿ. ಬಿ. ಗಜೇಂದ್ರಗಡಕರ ಅವರು ಹುಟ್ಟಿದ್ದು ಸಾತಾರೆಯಲ್ಲಿ, ಬರೆದದ್ದು ಇಂಗ್ಲಿಷ್ ತೀರ್ಪುಗಳನ್ನು. ಆದರೂ ಆ ತೀರ್ಪುಗಳೊಂದಿಗೆ ಅವರ ಅಡ್ಡಹೆಸರಿನಲ್ಲಿ ನಮ್ಮ ಊರೂ ನಡೆದುಬಂದಿತು.

ಹಳೆಯ ನಿದರ್ಶನ ಬೇಕಾದರೆ, ಆದಿಕವಿ ಪಂಪನ ತಮ್ಮ ಜಿನವಲ್ಲಭನಿದ್ದಾನೆ. ಹತ್ತನೆಯ ಶತಮಾನದಲ್ಲಿ ಅವನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯೊಂದರ ಮೇಲೆ ಶಾಸನ ಬರೆಸಿದ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅಲ್ಲಿವೆ. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದು ನಮಗೆ ತಿಳಿದದ್ದು ಆ ಬಂಡೆಯಿಂದ. ಅಣ್ಣಿಗೇರಿ ಗದಗಿನ ನೆರೆಯ ಊರು. ಅಷ್ಟು ದೂರದಲ್ಲಿ ನಿಂತು ಪರಿಚಯ ಹೇಳುವಾಗಲೂ ಅವನು ತಾಯಿಯ ಕಡೆಯ ಊರನ್ನು ಮರೆಯಲಿಲ್ಲ.

ನಮ್ಮ ತರಗತಿಗಳಲ್ಲಿ ನಡೆಯುವುದೇನು? ಗಜೇಂದ್ರಗಡ ನೇಕಾರರ ಊರು. 'ಮೈ ಫಾದರ್ ಈಸ್ ಎ ವೀವರ್' ಎಂದು ಗಿಳಿಪಾಠ ಒಪ್ಪಿಸಿ ಹುಡುಗ ಕುಳಿತುಬಿಡುತ್ತಾನೆ. ಗುರುಗಳು ಮುಂದಿನವನನ್ನು ಎಬ್ಬಿಸುತ್ತಾರೆ. ಅಲ್ಲಿಗೆ ಬಿಡುವುದು ಸಲ್ಲದು. ಮನೆಯಲ್ಲಿ ಮಗ್ಗ ಯಾವುದು, ಒಂದು ಸೀರೆಗೆ ಎಷ್ಟು ದಿನ, ಹಾಸು ಹೂಡುವವರು ಯಾರು ಎಂದು ಕೇಳಬೇಕು. ಹುಡುಗನಿಗೆ ಲಾಳಿ ಗೊತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲ. ಗುರುಗಳಿಗೆ ಹೆಸರು ಗೊತ್ತಿದ್ದರೂ ಲಾಳಿಯನ್ನು ಕೈಯಲ್ಲಿ ಹಿಡಿದಿರಲಿಕ್ಕಿಲ್ಲ. ಇಬ್ಬರೂ ಕೂಡಿ ನಿಘಂಟು ತೆರೆಯಲಿ. ತಂದೆಯ ಮಗ್ಗದ ಮೇಲೆ ಐದು ವಾಕ್ಯ ಹೇಳಬಲ್ಲ ಹುಡುಗ ನಾಳೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕುಳಿತರೆ, ಎದುರಿಗಿದ್ದವರಿಗೂ ಅವನನ್ನು ಕೇಳಲು ಏನಾದರೂ ಇರುತ್ತದೆ.