ಕಾಣದ ತಾಣಗಳೂ ಕಾಲಡಿಯ ಕೆರೆಗಳೂ

ಶುಕ್ರವಾರ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ದಕ್ಷಿಣ ಬೆಂಗಳೂರಿನ ಬಿಟಿಎಂ ಬಡಾವಣೆ, ಜಯನಗರ, ಬನಶಂಕರಿಗಳ ರಸ್ತೆಬದಿಯಲ್ಲಿ ಬೆನ್ನುಚೀಲ ಹೊತ್ತ ಯುವಜನರ ಗುಂಪುಗಳು ಕಾಣಸಿಗುತ್ತವೆ. ಟೆಂಪೊ ಟ್ರಾವೆಲರ್ ಬರುತ್ತದೆ, ಹಾಡು ಶುರುವಾಗುತ್ತದೆ, ಬೆಳಗಾಗುವಷ್ಟರಲ್ಲಿ ಗಾಡಿ ಘಟ್ಟದ ಯಾವುದೋ ತಿರುವಿನಲ್ಲಿ ನಿಂತಿರುತ್ತದೆ. ಹೊರಟದ್ದು ಜೋಗಕ್ಕಲ್ಲ, ಅದೆಲ್ಲ ಹಳತಾಯಿತು. 'ಇನ್ನೂ ಯಾರೂ ನೋಡಿರದ' ಜಾಗವೇ ಬೇಕು. ಇಂಥ ಗುಂಪಿನಲ್ಲಿ ಬಹಳ ಸಲ ಮಲೆನಾಡಿನ ಹುಡುಗನೋ ಹುಡುಗಿಯೋ ಒಬ್ಬರು ಇರುವುದುಂಟು. ಓದಿಗೆಂದೋ ಕೆಲಸಕ್ಕೆಂದೋ ಬಂದು ಪೀಜಿಗಳಲ್ಲಿ ನೆಲೆಸಿರುವ ಈ ಮಕ್ಕಳಿಗೆ ಗೆಳೆಯರ ನಡುವೆ ವಿಶೇಷ ಮನ್ನಣೆ. ತಮ್ಮೂರ ಹಿಂದಿನ ಹಳ್ಳದ ದಾರಿ ಅವರಿಗೆ ಗೊತ್ತಿದೆಯಲ್ಲ!

'ಯಾರೂ ನೋಡಿರದ' ಎಂಬ ಮಾತನ್ನು ಸ್ವಲ್ಪ ನಿಂತು ಪರಿಶೀಲಿಸಬೇಕು. ಆ ಅಬ್ಬಿಯ ನೀರು ದಬ್ಬೆಯಲ್ಲಿ ಹರಿದು, ಈಗ ಪೈಪಿನಲ್ಲಿ ಇಳಿದು, ಕೆಳಗಿನ ಮನೆಗಳ ಬಚ್ಚಲಿಗೂ ಅಡಿಗೆಮನೆಗೂ ಬರುತ್ತದೆ. ಅಡಿಕೆ ತೋಟಕ್ಕೆ ಅದೇ ಆಧಾರ. ದಡದ ಬನದಲ್ಲಿ ವರ್ಷಕ್ಕೊಮ್ಮೆ ಪೂಜೆಯಾಗುತ್ತದೆ. ತಲೆಮಾರುಗಳಿಂದ ಜನ ಅದನ್ನು ನೋಡಿದ್ದಾರೆ, ಕುಡಿದಿದ್ದಾರೆ, ಕಾದಿದ್ದಾರೆ. ಹಾಗಿದ್ದೂ ಆ ಜಾಗ 'ಅಜ್ಞಾತ' ಎನಿಸುವುದು ಪೇಟೆಯ ಲೆಕ್ಕದಲ್ಲಿ ಮಾತ್ರ. ಆ ಲೆಕ್ಕವನ್ನು ಮಲೆನಾಡಿನ ಮಕ್ಕಳೂ ಒಪ್ಪಿಕೊಂಡಿರುವುದು ಬೇಸರದ ಸಂಗತಿ.

ಅಜ್ಞಾತವಾದದ್ದು ಜ್ಞಾತವಾದ ಮೇಲೆ ಏನಾಗುತ್ತದೆಂದು ಹೇಳಲು ಉದಾಹರಣೆಗಳನ್ನು ಹುಡುಕಬೇಕಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದರು. ಆಮೇಲೆ ಸರ್ಕಾರ ಕೆಲಕಾಲ ಚಾರಣವನ್ನು ತಡೆದು ಮುಂಗಡ ನೋಂದಣಿಯ ವ್ಯವಸ್ಥೆ ತರಬೇಕಾಯಿತು. ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ವಾಹನಗಳಿಗೂ 2025ರಲ್ಲಿ ದಿನದ ಮಿತಿ ಬಂತು. ಮಿತಿ ಹಾಕಿದ್ದು ಸರಿಯೇ. ಆದರೆ ಅಲ್ಲಿ ಜಾಗ ಸಿಗದವರು ಮನೆಗೆ ಹಿಂದಿರುಗುವುದಿಲ್ಲ, ಪಕ್ಕದ ಹೆಸರಿಲ್ಲದ ಗುಡ್ಡವನ್ನು ಹುಡುಕುತ್ತಾರೆ. ಟಿಕೆಟ್ಟೂ ಕಾವಲುಗಾರನೂ ಇಲ್ಲದ ಆ ಗುಡ್ಡಕ್ಕೆ ಇರುವ ರಕ್ಷಣೆ ಒಂದೇ, ಅದರ ದಾರಿ ಹೊರಗಿನವರಿಗೆ ತಿಳಿಯದಿರುವುದು.

ಹಾಗಾದರೆ ಹುಡುಕುವ ಆಸೆಯೇ ತಪ್ಪೇ? ತಪ್ಪಲ್ಲ. ಹೊಸದನ್ನು ಕಾಣಬೇಕೆನ್ನುವ ಕುತೂಹಲ ಇಲ್ಲದ ಯೌವನದಿಂದ ಪರಿಸರ ಚಳವಳಿಗೂ ಪ್ರಯೋಜನವಿಲ್ಲ. ಪ್ರಶ್ನೆಯಿರುವುದು ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದರಲ್ಲಿ. ಮುನ್ನೂರು ಕಿಲೋಮೀಟರು ದೂರದ ಹಳ್ಳವನ್ನು ಹುಡುಕುವ ಈ ಮಕ್ಕಳಲ್ಲಿ ಎಷ್ಟು ಮಂದಿಗೆ ಬಿಟಿಎಂ ಎಂಬ ಮೂರು ಅಕ್ಷರಗಳ ಅರ್ಥ ತಿಳಿದಿದೆ? ಅವು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳು. ತಾವರೆಕೆರೆಯ ಅರ್ಥ ಹೇಳಬೇಕಿಲ್ಲ. 'ಸಂದ್ರ' ಎಂಬುದು 'ಸಮುದ್ರ'ದ ಸವೆದ ರೂಪ; ಬಯಲುಸೀಮೆಯ ರೈತ ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದ. ಭೈರಸಂದ್ರ, ದೊಡ್ಡಕಲ್ಲಸಂದ್ರ ಎನ್ನುವಲ್ಲೆಲ್ಲ ನೀರಿನ ನೆನಪಿದೆ. ನದಿಯಿಲ್ಲದ ಊರೊಂದು ಕೆರೆಯ ಕೋಡಿಯಿಂದ ಕೆರೆಗೆ ಕಾಲುವೆ ಹಾಯಿಸಿ ಬದುಕಿದ ಕಥೆ ಬಸ್ಸಿನ ಬೋರ್ಡಿನಲ್ಲೇ ಬರೆದಿರುತ್ತದೆ. ಓದುವವರು ಕಡಿಮೆ.

ಜಯನಗರದ ಮಗ್ಗುಲಲ್ಲೇ ಲಾಲ್‌ಬಾಗ್ ಇದೆ. ಅಲ್ಲಿಯ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆ, ಗಾಜಿನಮನೆಯ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಕೆಂಪೇಗೌಡನ ಗೋಪುರ ನಿಂತಿರುವ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುವವರಿಗೆ ತಾವು ಕುಳಿತಿರುವುದು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ಮೇಲೆ ಎಂಬ ಅರಿವು ಅಪರೂಪ. ಭೂವಿಜ್ಞಾನಿಗಳು ಪೆನಿನ್ಸುಲರ್ ನೈಸ್ ಎಂದು ಕರೆಯುವ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್‌ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗಿನ ಅಂಚಿನ ನೆಲದ ಪ್ರಸ್ತಾಪ ಬಂದಾಗ ನಾಗರಿಕರು ವಿರೋಧಿಸಿದರು. ಬಂಡೆಯ ಹೆಸರು ಅನೇಕರ ಕಿವಿಗೆ ಬಿದ್ದದ್ದು ಆಗಲೇ. ಮಲೆನಾಡಿನವರಿಗೆ ಈ ಅನುಭವ ಹೊಸತಲ್ಲ. ಅಣೆಕಟ್ಟಿನ ನಕ್ಷೆ ಬಂದ ಮೇಲೆಯೇ ಕಣಿವೆಯ ಹೆಸರು ರಾಜಧಾನಿಗೆ ತಿಳಿಯುವುದು.

ಬಿಟಿಎಂ ಬಡಾವಣೆಯಿಂದ ಆಗ್ನೇಯಕ್ಕೆ ಸ್ವಲ್ಪ ದೂರ ಹೋದರೆ ಬೇಗೂರು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 900ರ, ಗಂಗರ ಕಾಲದ ವೀರಗಲ್ಲು ಶಾಸನವಿದೆ. ಬೆಂಗಳೂರಿನಲ್ಲಿ ನಡೆದ ಕಾಳಗವೊಂದನ್ನು ಅದು ಹೆಸರಿಸುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟ ಕಥೆಗಿಂತ ಈ ಕಲ್ಲು ಹಳೆಯದು. ಇಂಥದನ್ನು ನೋಡಲು ರಜೆ ಹಾಕಬೇಕಿಲ್ಲ, ಅರ್ಧ ದಿನ ಸಾಕು.

ಆದರೆ ದಕ್ಷಿಣ ಬೆಂಗಳೂರಿನಲ್ಲಿ ಮಲೆನಾಡಿಗರು ಮುಖ್ಯವಾಗಿ ನೋಡಬೇಕಾದದ್ದು ಕಲ್ಲನ್ನಲ್ಲ, ಜೆ.ಪಿ. ನಗರದ ಎರಡು ಕೆರೆಗಳನ್ನು. ಮೊದಲನೆಯದು ಸಾರಕ್ಕಿ ಕೆರೆ. ದಾಖಲೆಯಲ್ಲಿ ಅದರ ವಿಸ್ತೀರ್ಣ 82 ಎಕರೆಗೂ ಹೆಚ್ಚು. ನೆಲದ ಮೇಲೆ ಅಷ್ಟು ಉಳಿದಿರಲಿಲ್ಲ. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ಒತ್ತುವರಿ ತೆರವುಗೊಳಿಸಿತು. ಕಾಗದಪತ್ರ ಸರಿಯಿದೆಯೆಂದು ನಂಬಿ ಮನೆ ಕೊಂಡಿದ್ದ ಕುಟುಂಬಗಳು ಬೀದಿಯಲ್ಲಿ ನಿಂತವು. ಕೆರೆಯನ್ನು ನಿವೇಶನವನ್ನಾಗಿ ಮಾರಿದವರು ಆ ಬೀದಿಯಲ್ಲಿ ಕಾಣಲಿಲ್ಲ. ಕೆರೆ ಕೆರೆಯೆಂದು ಅಕ್ಕಪಕ್ಕದವರ ಕಣ್ಣಿಗೆ ಬೀಳದೆ ಹೋದ ವರ್ಷಗಳಲ್ಲಿ ಅದು ಮಾರಾಟವಾಗಿತ್ತು.

ಎರಡನೆಯದು ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆ. ಹದಿಮೂರು ಎಕರೆಯಷ್ಟು ಪುಟ್ಟ ಕೆರೆ. ಸುತ್ತ ಕಟ್ಟಡಗಳು ಎದ್ದು ಮಳೆನೀರಿನ ಕಾಲುವೆಗಳು ಮುಚ್ಚಿಹೋದಾಗ ಅದು ಕಸ, ಕಟ್ಟಡದ ಭಗ್ನಾವಶೇಷ ಸುರಿಯುವ ಗುಂಡಿಯಾಯಿತು. ಅದರ ದಡದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು. ಮರುವರ್ಷ ಅಂದಿನ ಮಹಾನಗರ ಪಾಲಿಕೆ ಕೆರೆಯ ನಿರ್ವಹಣೆಯನ್ನು ಒಪ್ಪಂದದ ಮೂಲಕ ಅವರಿಗೆ ಒಪ್ಪಿಸಿತು. ಹೂಳು ತೆಗೆದರೂ ನೀರು ಎಲ್ಲಿಂದ ಬರಬೇಕು? 2015ರಿಂದ ಪಕ್ಕದ ವಸತಿ ಸಮುಚ್ಚಯದ ಕೊಳಚೆ ನೀರನ್ನು ಶುದ್ಧೀಕರಿಸಿ ಕೆರೆಗೆ ಬಿಡುವ ವ್ಯವಸ್ಥೆಯಾಯಿತು. ಬಚ್ಚಲ ನೀರನ್ನೇ ಕೆರೆಯ ನೀರಾಗಿಸಿದ ಈ ಏರ್ಪಾಡಿನ ಬಗ್ಗೆ ಮೂಗು ಮುರಿಯುವವರು ಇರಬಹುದು. ಮಲೆನಾಡಿನ ಒರತೆಯ ನೀರಿನ ಪಕ್ಕದಲ್ಲಿಟ್ಟರೆ ಅದು ಬಡ ನೀರೇ. ಆದರೂ ನೇರಳೆ ಜಂಬುಕೋಳಿ, ನಾಮಕೋಳಿಗಳು ಅಲ್ಲಿ ಬಂದು ನೆಲೆಸಿದವು. ಕಳೆ ತೆಗೆಯುವುದು, ಗಿಡಕ್ಕೆ ನೀರೆರೆಯುವುದು, ಚಂದಾ ಎತ್ತುವುದು, ಕಚೇರಿಗೆ ಅರ್ಜಿ ಹಿಡಿದು ಅಲೆಯುವುದು ಇವೆಲ್ಲ ಪ್ರವಾಸಿಯ ಕೆಲಸಗಳಲ್ಲ, ನೆರೆಯವರ ಕೆಲಸಗಳು. ಆ ಕೆರೆ ಉಳಿದದ್ದು ನೆರೆಯವರಿಂದ.

ಬನಶಂಕರಿ ಆರನೆಯ ಹಂತದ ಅಂಚಿನ ತುರಹಳ್ಳಿ ಕಾಡಿನದೂ ಇದೇ ಕಥೆ. ಕುರುಚಲು ಗಿಡ, ದೊಡ್ಡ ಬಂಡೆ, ನವಿಲು. ಅಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾಪ 2021ರಲ್ಲಿ ಬಂದಾಗ ಸುತ್ತಲಿನ ಬಡಾವಣೆಗಳ ಜನ ಪ್ರತಿಭಟಿಸಿದರು. ಕಾಡಿಗೆ ಉದ್ಯಾನದ ಅಲಂಕಾರ ಬೇಡ, ಅದು ಕಾಡಾಗಿಯೇ ಇರಲಿ ಎಂಬುದು ಅವರ ವಾದ. ವೀಕ್ಷಣಾ ಗೋಪುರ, ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಟಕಟೆಗಳನ್ನು ಅಭಿವೃದ್ಧಿಯೆಂದು ಒಪ್ಪಿಕೊಂಡಿರುವ ಘಟ್ಟದ ಅನೇಕ ಗ್ರಾಮ ಪಂಚಾಯಿತಿಗಳು ಕಾಂಕ್ರೀಟಿನ ನಡುವೆ ಬದುಕುವ ಜನರ ಈ ವಾದವನ್ನು ಗಮನಿಸುವುದು ಒಳ್ಳೆಯದು.

ಹೋಂಸ್ಟೇ ನಡೆಸುವವರ ಪ್ರಶ್ನೆಯೊಂದಿದೆ, ಅದು ನ್ಯಾಯವಾದದ್ದೇ. ಅಡಿಕೆಗೆ ಎಲೆಚುಕ್ಕಿ ರೋಗ, ಕಾಳುಮೆಣಸಿಗೆ ಸೊರಗು ರೋಗ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ನಾಲ್ಕು ಜನ ಅತಿಥಿಗಳು ಬಂದು ಉಂಡು ಹೋದರೆ ಮನೆ ನಡೆಯುತ್ತದೆ. ಇದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮನೆಗೆ ಬಂದ ಅತಿಥಿ ಬೇರೆ, ಫೋನಿನಲ್ಲಿ ದಾರಿ ನೋಡಿಕೊಂಡು ನೇರವಾಗಿ ಅಬ್ಬಿಗೆ ಇಳಿದು, ಬಾಟಲಿ ಒಡೆದು, ಯಾರ ಮುಖವನ್ನೂ ನೋಡದೆ ಹೋಗುವವನು ಬೇರೆ. ಮೊದಲನೆಯವನನ್ನು ಊರು ಕರೆದಿದೆ. ಎರಡನೆಯವನಿಗೆ ದಾರಿ ತೋರಿಸಿದವರು ಯಾರು? ಬಹುಪಾಲು ಊರಿನದೇ ಹುಡುಗ, ಒಂದು ಚಿತ್ರ ಮತ್ತು ಒಂದು ನಕ್ಷೆಯ ಗುರುತಿನ ಮೂಲಕ.

ಆದುದರಿಂದ ಬೇಡಿಕೆ ಚಿಕ್ಕದು. ಊರಿನ ಹಳ್ಳದ, ಬನದ, ಗುಡ್ಡದ ದಾರಿಯನ್ನು ಹಂಚುವ ಮೊದಲು ಆ ನೀರು ಕುಡಿಯುವ ಮನೆಗಳವರನ್ನು ಕೇಳಬೇಕು. ಗ್ರಾಮಸಭೆಯಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಬೇಕೆಂದರೆ ಎಷ್ಟು ಜನ, ಯಾವ ತಿಂಗಳು, ಕಸ ಹೊರುವವರು ಯಾರು ಎಂಬುದನ್ನೂ ಅವರೇ ಹೇಳಲಿ.

ಶನಿವಾರದ ಹುಡುಕಾಟಕ್ಕೆ ಮೆಟ್ರೋದ ಹಸಿರು ಮಾರ್ಗವಿದೆ. ಲಾಲ್‌ಬಾಗ್, ಜಯನಗರ, ಬನಶಂಕರಿ, ಜೆ.ಪಿ. ನಗರ, ದೊಡ್ಡಕಲ್ಲಸಂದ್ರ ಎಂದು ಅದು ಒಂದೇ ಸಾಲಿನಲ್ಲಿ ಹೋಗುತ್ತದೆ. ಮುಂದಿನ ವಾಜರಹಳ್ಳಿಯಲ್ಲಿ ಇಳಿದರೆ ತುರಹಳ್ಳಿ ದೂರವಿಲ್ಲ. ಅಲ್ಲಿಗೂ ಗುಂಪು ಕಟ್ಟಿಕೊಂಡು ಹೋಗಬಾರದು. ಒಬ್ಬರೋ ಇಬ್ಬರೋ, ನಸುಕಿನಲ್ಲಿ, ಹಾಡು ಹಾಕದೆ ಹೋದರೆ ನವಿಲು ಕಂಡೀತು.