ಮುಟ್ಟದೆ ಅಳೆಯುವ ಬೆಳಕು

ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿಯನ್ನು ಸುರಿದು, ‘ಚಟ್’ ಎಂಬ ಸದ್ದಿಗೆ ಬೆಚ್ಚಿದವರು ವಾಚಕರಲ್ಲಿ ಅನೇಕರಿರಬಹುದು. ಒಳಮೈ ಕಾದು ಹಿಗ್ಗಲೆಳಸುತ್ತದೆ; ಹೊರಮೈಗೆ ಶಾಖವಿನ್ನೂ ತಲುಪಿರುವುದಿಲ್ಲ. ಈ ಎಳೆದಾಟದಲ್ಲಿ ಗಾಜು ಸೀಳುತ್ತದೆ. ಅದೇ ಶಾಖವು ಸಾವಕಾಶವಾಗಿ ಬಂದಿದ್ದರೆ ಲೋಟ ಸಹಿಸಿಕೊಳ್ಳುತ್ತಿತ್ತು.

ಛಂದಸ್ಸಿನಲ್ಲಿ ಕಣ್ಣೆವೆಯಿಕ್ಕುವಷ್ಟು ಕಾಲಕ್ಕೆ ಒಂದು ಮಾತ್ರೆಯೆಂದು ಹೇಳುವುದುಂಟು. ವಿಜ್ಞಾನಿಗಳ ಎಲೆಕ್ಟ್ರಾನ್ ಧಾರೆಗೆ ಆ ಮಾತ್ರೆ ಒಂದು ಯುಗವೇ ಸರಿ! ಸೆಕೆಂಡಿನ ಎರಡು ಕೋಟಿಯಲ್ಲೊಂದು ಪಾಲಿನಷ್ಟು ಅವಧಿಯಲ್ಲಿ ಅದು ಲೋಹದ ತಗಡಿನೊಳಕ್ಕೆ ನುಗ್ಗಿ ಕಾಯಿಸಿಬಿಡುತ್ತದೆ. ಅಷ್ಟರಲ್ಲಿ ಅಲ್ಯೂಮಿನಿಯಮಿನೊಳಗೆ ಶಬ್ದವು ಸಾಗಬಲ್ಲ ದೂರ ಸುಮಾರು 0.3 ಮಿಲಿಮೀಟರು ಮಾತ್ರ. ಹತ್ತು ಲಕ್ಷ ವೋಲ್ಟಿನ ಧಾರೆಯಾದರೋ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಕಾದ ಲೋಹಕ್ಕೆ ಹಿಗ್ಗಲು ಹೊತ್ತೇ ಇಲ್ಲ. ಅಲ್ಲಿ ಕೂಡಿಬಿದ್ದ ಒತ್ತಡವು ಅಲೆಯಾಗಿ ಹೊರಟು ತಗಡಿನ ಹಿಂಬದಿಯನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯ ವೇಗವು ತಿಳಿದರೆ, ಹಠಾತ್ತನೆ ಬಂದ ಶಾಖವನ್ನು ಲೋಹವು ಹೇಗೆ ತಾಳಿಕೊಳ್ಳುತ್ತದೆಂಬುದು ತಿಳಿಯುತ್ತದೆ.

ಆದರೆ ಅಳೆಯುವುದೆಂತು? ತಂತಿ ಕಟ್ಟಿದ ಉಪಕರಣವನ್ನು ತಗಡಿಗೆ ಅಂಟಿಸಿದರೆ, ಧಾರೆಯೆಬ್ಬಿಸುವ ವಿದ್ಯುತ್ ಕೋಲಾಹಲದಲ್ಲಿ ಅದರ ಮಾತು ಮುಳುಗಿಹೋಗಬಹುದು. ಬೆಳಕಿಗೆ ಆ ಭಯವಿಲ್ಲ. ಆದ್ದರಿಂದ ಹಿಂಬದಿಯ ಮೇಲೆ ಲೇಸರನ್ನು ಬೀರುತ್ತಾರೆ. ಚಲಿಸುವ ಮೂಲದಿಂದ ಬರುವ ಅಲೆಗಳ ಆವರ್ತನ ಬದಲಾಗುತ್ತದೆಂದು ಡಾಪ್ಲರನು 1842ರಲ್ಲಿಯೇ ಹೇಳಿದ್ದನು. ತಗಡು ಸೆಕೆಂಡಿಗೆ 300 ಮೀಟರು ವೇಗದಲ್ಲಿ ನಮ್ಮತ್ತ ಬಂದರೆ, ಮರಳುವ ಬೆಳಕಿನ ಆವರ್ತನದಲ್ಲಾಗುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಎರಡು ಪಾಲು!

ಈ ಅತ್ಯಲ್ಪವನ್ನು ಹಿಡಿಯುವ ಉಪಾಯ ಸೊಗಸಾದುದು. ಮರಳಿದ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ತುಸು ತಡೆದು, ಮತ್ತೆ ಕೂಡಿಸುತ್ತಾರೆ. ಈಗಿನ ಬೆಳಕು ಕ್ಷಣದ ಹಿಂದಿನ ಬೆಳಕನ್ನು ಸಂಧಿಸುತ್ತದೆ. ವೇಗ ಬದಲಾದಂತೆ ಅಲ್ಲಿ ಬೆಳಕು ಕತ್ತಲೆಗಳು ಸರದಿಯಾಗಿ ಮೂಡುತ್ತವೆ. ಅವುಗಳನ್ನೆಣಿಸಿದರೆ ವೇಗ ದೊರೆಯಿತು. ಮೊದಮೊದಲು ಇದಕ್ಕೆ ಕನ್ನಡಿಯಂಥ ಹೊಳಪಿನ ಮೈ ಬೇಕಾಗಿತ್ತು. ಆಘಾತವೋ ಆ ಹೊಳಪನ್ನೇ ಕೆಡಿಸುತ್ತಿತ್ತು. ಅಮೆರಿಕದ ಸಾಂಡಿಯಾ ಪ್ರಯೋಗಶಾಲೆಯ ಬಾರ್ಕರ್ ಮತ್ತು ಹಾಲೆನ್‌ಬಾಕ್ 1972ರಲ್ಲಿ ಪ್ರಕಟಿಸಿದ ‘ವೈಸಾರ್’ ಎಂಬ ಸಾಧನಕ್ಕೆ ಮಂಕಾದ ಮೈಯೂ ಸಾಕು. ತಡೆಯುವ ದಾರಿಯಲ್ಲಿ ಅವರಿರಿಸಿದ ಗಾಜಿನ ತುಂಡೇ ಚದುರಿದ ಬೆಳಕನ್ನೂ ಹೊಂದಿಸಿಕೊಟ್ಟಿತು.

ಅಣ್ವಸ್ತ್ರದ ಸ್ಫೋಟದಿಂದ ಹೊಮ್ಮುವ ಎಕ್ಸ್ ಕಿರಣಗಳಿಗೆ ಲೋಹಗಳು ತಡೆಯುವುವೇ ಎಂಬ ಆತಂಕವು ಇಂಥ ಧಾರೆಯ ಪ್ರಯೋಗಗಳ ಹಿಂದಿತ್ತೆಂಬುದನ್ನು ಮರೆಯಲಾಗದು. ಆದರೆ ಅದೇ ವೈಸಾರ್ ಇಂದು, ಗ್ರಹಗಳ ಗರ್ಭದಲ್ಲಿರುವಂಥ ಒತ್ತಡವನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಿ ಕಬ್ಬಿಣ, ವಜ್ರಗಳನ್ನು ಪರೀಕ್ಷಿಸುವಲ್ಲಿಯೂ ನೆರವಾಗುತ್ತಿದೆ. ಭಯವು ಕೇಳಿದ ಪ್ರಶ್ನೆಗೆ ದೊರೆತ ಉತ್ತರ ಕುತೂಹಲಕ್ಕೂ ಒದಗಿತು. ಅಳತೆಗೋಲಿಗೆ ಹಗೆಯಿಲ್ಲ, ಅದನ್ನು ಹಿಡಿದ ಕೈಗೆ ಮಾತ್ರ ವಿವೇಕ ಬೇಕು.